ಲ್ಯಾಟಿನೋ ಮತ್ತು ಮೂಲನಿವಾಸಿ ಅಧ್ಯಯನ: ಕಂಪ್ಯೂಟರ್ ಓದುವ ನಮ್ಮ ಹುಡುಗಿಗೆ ಇದು ಯಾಕೆ ಬೇಕು?

ಕಳೆದ ತಿಂಗಳು ಅಕ್ಕನ ಮಗಳು ಅಮೆರಿಕದಿಂದ ಫೋನ್ ಮಾಡಿದ್ದಳು. ಅವಳು ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಡಿಗ್ರಿ ಓದುತ್ತಿದ್ದಾಳೆ. “ಮಾಮ, ಎತ್ನಿಕ್ ಸ್ಟಡೀಸ್ ಅಂತ ಒಂದು ಕೋರ್ಸ್ ಮುಗಿಸದೇ ಇದ್ರೆ ಡಿಗ್ರಿ ಕೊಡಲ್ವಂತೆ. ನಾನು ಲ್ಯಾಟಿನೋ ಜನರ ಬಗ್ಗೆ ಇರೋದನ್ನ ತಗೊಂಡೆ” ಅಂದಳು. ಹಿಂದಿನಿಂದ ಭಾವನ ದನಿ ಕೇಳಿಸಿತು: “ಕೋಡಿಂಗ್ ಕಲೀಲಿ ಅಂತ ಫೀಸು ಕಟ್ಟಿದ್ರೆ ಮೆಕ್ಸಿಕೋದವರ ಕಥೆ ಯಾಕಪ್ಪ ಇವಳಿಗೆ?”

ಭಾವನ ಪ್ರಶ್ನೆ ನ್ಯಾಯವಾದದ್ದೇ. ಅವತ್ತು ಫೋನಿನಲ್ಲಿ ನನಗೆ ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ. ಇಲ್ಲಿ ನಿಧಾನವಾಗಿ ಹೇಳುತ್ತೇನೆ. ಮಕ್ಕಳನ್ನು ಅಲ್ಲಿಗೆ ಓದಲು ಕಳಿಸಿದ ಬೇರೆ ಮನೆಗಳಲ್ಲೂ ಈ ಮಾತು ಬಂದಿರಬಹುದು.

ಮೊದಲು ನಿಯಮದ ವಿಷಯ. 2020ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಒಂದು ಕಾನೂನು ಮಾಡಿತು. ಅದರ ಪ್ರಕಾರ ಈ ಯೂನಿವರ್ಸಿಟಿಯಿಂದ 2024-25ರಿಂದ ಮುಂದಕ್ಕೆ ಪದವಿ ಪಡೆಯುವವರು 3 ಯೂನಿಟ್‌ನ ಒಂದು ಎತ್ನಿಕ್ ಸ್ಟಡೀಸ್ ಕೋರ್ಸ್ ಓದಿರಲೇಬೇಕು. ಅಮೆರಿಕದ ಮೂಲನಿವಾಸಿಗಳು, ಆಫ್ರಿಕನ್ ಅಮೆರಿಕನ್ನರು, ಏಷ್ಯನ್ ಅಮೆರಿಕನ್ನರು, ಲ್ಯಾಟಿನೋಗಳು – ಈ ನಾಲ್ಕರಲ್ಲಿ ಒಂದು ಸಮುದಾಯದ ಬಗ್ಗೆ ಓದಿದರೆ ಸಾಕು. ಅಲ್ಲಿ ನೆಲೆಸಿದ ಭಾರತೀಯರು ಏಷ್ಯನ್ ಅಮೆರಿಕನ್ ಅನ್ನುವ ಪಟ್ಟಿಯೊಳಗೇ ಬರುತ್ತಾರೆ. ಹೈಸ್ಕೂಲುಗಳಿಗೂ 2021ರಲ್ಲಿ ಇಂಥದ್ದೇ ಕಾನೂನು ಬಂತು. ಆದರೆ ಅದು ಜಾರಿಯಾಗಲು ಸರ್ಕಾರ ಹಣ ಕೊಡಬೇಕಿತ್ತು. 2025ರ ಬಜೆಟ್‌ನಲ್ಲಿ ಹಣ ಬರಲಿಲ್ಲ. ಹಾಗಾಗಿ ಹೈಸ್ಕೂಲುಗಳಲ್ಲಿ ಅದು ಆಯಾ ಊರಿನ ಶಾಲಾ ಆಡಳಿತಕ್ಕೆ ಬಿಟ್ಟ ಮಾತಾಗಿದೆ.

ಹೆಸರುಗಳ ಗೊಂದಲ

ದೆಹಲಿಯಲ್ಲಿ ಹಿಂದೆಲ್ಲ ಕನ್ನಡದವರನ್ನೂ ತಮಿಳರನ್ನೂ ಮಲಯಾಳಿಗಳನ್ನೂ ಒಟ್ಟಿಗೆ ‘ಮದ್ರಾಸಿ’ ಅಂತ ಕರೆಯುತ್ತಿದ್ದರು. ಹುಬ್ಬಳ್ಳಿಯವರಿಗೂ ಅದೇ ಹೆಸರು, ಕೊಲ್ಲಂನವರಿಗೂ ಅದೇ ಹೆಸರು. ಕರೆಯುವವರಿಗೆ ಅನುಕೂಲ, ಕರೆಸಿಕೊಂಡವರಿಗೆ ಕಿರಿಕಿರಿ. ಲ್ಯಾಟಿನೋ ಅನ್ನುವ ಪದವನ್ನು ಅರ್ಥ ಮಾಡಿಕೊಳ್ಳಲು ಈ ಅನುಭವ ಸಾಕು.

ಮೆಕ್ಸಿಕೋದಿಂದ ದಕ್ಷಿಣ ಅಮೆರಿಕದ ತುದಿಯವರೆಗಿನ ದೇಶಗಳಿಗೆ, ಕ್ಯೂಬಾದಂಥ ದ್ವೀಪಗಳಿಗೆ ಲ್ಯಾಟಿನ್ ಅಮೆರಿಕ ಅನ್ನುತ್ತಾರೆ. ಅಲ್ಲಿ ಬೇರು ಇದ್ದು ಅಮೆರಿಕದಲ್ಲಿ ಬದುಕುತ್ತಿರುವವರು ಲ್ಯಾಟಿನೋಗಳು. ಹಿಸ್ಪಾನಿಕ್ ಅನ್ನುವುದು ಸ್ಪ್ಯಾನಿಷ್ ಭಾಷೆಗೆ ಅಂಟಿದ ಪದ. ಬ್ರೆಜಿಲ್‌ನವರ ಭಾಷೆ ಪೋರ್ಚುಗೀಸ್. ಹಾಗಾಗಿ ಅವರು ಲ್ಯಾಟಿನೋ, ಆದರೆ ಹಿಸ್ಪಾನಿಕ್ ಅಲ್ಲ. ಸ್ಪೇನ್ ದೇಶದವರು ಹಿಸ್ಪಾನಿಕ್, ಆದರೆ ಲ್ಯಾಟಿನೋ ಅಲ್ಲ. ಚಿಕಾನೋ ಅನ್ನುವುದು ಮೆಕ್ಸಿಕೋ ಮೂಲದವರನ್ನು ಹೀಯಾಳಿಸಲು ಬಳಸುತ್ತಿದ್ದ ಮಾತು. 1960ರ ದಶಕದಲ್ಲಿ ಅಲ್ಲಿನ ಯುವಜನ ಅದನ್ನೇ ಎತ್ತಿಕೊಂಡು ಹೆಮ್ಮೆಯ ಹೆಸರು ಮಾಡಿಕೊಂಡರು.

ಇನ್ನು ಮೂಲನಿವಾಸಿಗಳು. 1492ರಲ್ಲಿ ಕೊಲಂಬಸ್ ಬರುವ ಮೊದಲೇ ಸಾವಿರಾರು ವರ್ಷಗಳಿಂದ ಅಲ್ಲಿದ್ದ ಜನರ ಪೀಳಿಗೆ ಇವರು. ನಹುವಾ, ಮಾಯಾ, ಮಿಶ್ಟೆಕ್, ಝಾಪೊಟೆಕ್, ಕೆಚುವಾ, ನವಾಹೋ – ಹೀಗೆ ನೂರಾರು ಸಮುದಾಯಗಳು. ನಮ್ಮ ಕಡೆಗೆ ದಾರಿ ಹುಡುಕುತ್ತ ಹೊರಟವನು ಬೇರೆಲ್ಲೋ ಇಳಿದು, ಅಲ್ಲಿದ್ದವರನ್ನು ‘ಇಂಡಿಯನ್’ ಅಂದ. ಆ ತಪ್ಪು ಹೆಸರು ಐನೂರು ವರ್ಷ ಉಳಿಯಿತು. ಮೆಕ್ಸಿಕೋ ದೇಶವೊಂದೇ 68 ಮೂಲನಿವಾಸಿ ಭಾಷೆಗಳನ್ನು ಗುರುತಿಸುತ್ತದೆ. ಪುಟ್ಟ ಗ್ವಾಟೆಮಾಲದಲ್ಲಿ ಮಾಯಾ ಭಾಷೆಗಳೇ 22 ಇವೆ.

2020ರ ಜನಗಣತಿಯಲ್ಲಿ ಅಮೆರಿಕದ 6.21 ಕೋಟಿ ಜನ ತಮ್ಮನ್ನು ಹಿಸ್ಪಾನಿಕ್ ಅಥವಾ ಲ್ಯಾಟಿನೋ ಅಂತ ಬರೆಸಿದರು. 2011ರಲ್ಲಿ ನಮ್ಮ ಇಡೀ ಕರ್ನಾಟಕದ ಜನಸಂಖ್ಯೆ 6.11 ಕೋಟಿ ಇತ್ತು. ಒಂದು ಕರ್ನಾಟಕದಷ್ಟು ಜನರನ್ನು ಒಂದೇ ಪದದಲ್ಲಿ ಕಟ್ಟಿಟ್ಟಿದ್ದಾರೆ ಅಂದುಕೊಳ್ಳಿ. ಈ ಹೆಸರನ್ನು ಇಟ್ಟವರು ಯಾರು? ಯಾವಾಗ? ಯಾಕೆ? ಈ ಅಧ್ಯಯನ ಶುರುವಾಗುವುದೇ ಇಲ್ಲಿಂದ.

ಜನ ಕದಲಲಿಲ್ಲ, ಗಡಿ ಕದಲಿತು

ಲ್ಯಾಟಿನೋ ಅಂದರೆ ವಲಸೆ ಬಂದವರು ಅಂತಲೇ ನಮ್ಮ ತಲೆಯಲ್ಲಿ ಇರುತ್ತದೆ, ಅಲ್ವಾ? ಎಲ್ಲರ ವಿಷಯದಲ್ಲೂ ಅದು ನಿಜವಲ್ಲ. 1846ರಿಂದ 1848ರವರೆಗೆ ಅಮೆರಿಕಕ್ಕೂ ಮೆಕ್ಸಿಕೋಗೂ ಯುದ್ಧ ನಡೆಯಿತು. 1848ರ ಫೆಬ್ರವರಿ 2ರಂದು ಗ್ವಾದಲೂಪೆ ಹಿದಾಲ್ಗೊ ಒಪ್ಪಂದವಾಯಿತು. ಸೋತ ಮೆಕ್ಸಿಕೋ ತನ್ನ ಅರ್ಧದಷ್ಟು ನೆಲ ಬಿಟ್ಟುಕೊಟ್ಟಿತು. ಇವತ್ತಿನ ಕ್ಯಾಲಿಫೋರ್ನಿಯಾ, ನೆವಾಡಾ, ಯೂಟಾ, ಆರಿಝೋನಾದ ಬಹುಭಾಗ ಎಲ್ಲವೂ ಅದರಲ್ಲಿ ಸೇರಿತ್ತು. ಪ್ರತಿಯಾಗಿ ಅಮೆರಿಕ 1.5 ಕೋಟಿ ಡಾಲರ್ ಕೊಟ್ಟಿತು.

ಆ ನೆಲದಲ್ಲಿ ಸಾವಿರಾರು ಕುಟುಂಬಗಳಿದ್ದವು. ರಾತ್ರಿ ಮಲಗಿದಾಗ ಮೆಕ್ಸಿಕೋ, ಬೆಳಿಗ್ಗೆ ಎದ್ದಾಗ ಅಮೆರಿಕ. “ನಾವು ಗಡಿ ದಾಟಲಿಲ್ಲ, ಗಡಿಯೇ ನಮ್ಮನ್ನು ದಾಟಿತು” ಅನ್ನುವ ಮಾತು ಈಗಲೂ ಅಲ್ಲಿ ಜನರ ಬಾಯಲ್ಲಿದೆ. ಉಳಿದುಕೊಂಡವರಿಗೆ ಅಮೆರಿಕದ ಪೌರತ್ವ ಕೊಡುವುದಾಗಿ ಒಪ್ಪಂದ ಹೇಳಿತು. ಆದರೆ ಆಗ ಅಮೆರಿಕದ ಕಾನೂನಿನಲ್ಲಿ ಹೊರಗಿನವರು ಪೌರರಾಗಬೇಕಾದರೆ ‘ಬಿಳಿಯರು’ ಆಗಿರಬೇಕಿತ್ತು. ಹಾಗಾಗಿ ಕಾಗದದ ಮೇಲೆ ಮೆಕ್ಸಿಕನ್ನರು ಬಿಳಿಯರಾದರು. ಬೀದಿಯಲ್ಲಿ ಆಗಲಿಲ್ಲ.

ಮಾನುಯೆಲ್ ದೊಮಿಂಗೆಸ್ ಅನ್ನುವವರು 1849ರಲ್ಲಿ ಕ್ಯಾಲಿಫೋರ್ನಿಯಾದ ಮೊದಲ ಸಂವಿಧಾನಕ್ಕೆ ಸಹಿ ಹಾಕಿದವರಲ್ಲಿ ಒಬ್ಬರು. ದೊಡ್ಡ ಜಮೀನುದಾರರು. 1857ರಲ್ಲಿ ಅವರು ಸ್ಯಾನ್ ಫ್ರಾನ್ಸಿಸ್ಕೋ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಲು ನಿಂತಾಗ ಅವರ ಮಾತನ್ನು ಕೇಳಲಿಲ್ಲ. ಅವರಲ್ಲಿ ‘ಇಂಡಿಯನ್’ ರಕ್ತ ಇದೆ ಅನ್ನುವುದೇ ಕಾರಣ. ರಾಜ್ಯದ ಸಂವಿಧಾನ ಬರೆಯಲು ಅರ್ಹ, ಅದೇ ರಾಜ್ಯದ ಕೋರ್ಟಿನಲ್ಲಿ ಬಾಯಿ ತೆರೆಯಲು ಅನರ್ಹ.

ಜನಗಣತಿಯಲ್ಲೂ ಇದೇ ಅಲೆದಾಟ. 1930ರಲ್ಲಿ ‘ಮೆಕ್ಸಿಕನ್’ ಅನ್ನುವುದನ್ನು ಒಂದು ಪ್ರತ್ಯೇಕ ಜನಾಂಗವಾಗಿ ಬರೆದುಕೊಂಡರು. 1940ರಲ್ಲಿ ಮತ್ತೆ ಬಿಳಿಯರ ಪಟ್ಟಿಗೆ ಸೇರಿಸಿದರು. 1980ರಲ್ಲಿ ಎಲ್ಲ ಮನೆಗಳಿಗೂ ‘ಹಿಸ್ಪಾನಿಕ್ ಮೂಲದವರೇ?’ ಅನ್ನುವ ಪ್ರಶ್ನೆ ಬಂತು. 2000ದಲ್ಲಿ ‘ಲ್ಯಾಟಿನೋ’ ಪದ ಸೇರಿತು. ಎಪ್ಪತ್ತು ವರ್ಷದಲ್ಲಿ ಅಜ್ಜಿ, ತಾಯಿ, ಮಗಳು ಮೂವರಿಗೂ ಬೇರೆ ಬೇರೆ ಹೆಸರು.

ಶಾಲೆಯ ಬಾಗಿಲಲ್ಲಿ ನಡೆದದ್ದು

ಹಲವು ಶಾಸ್ತ್ರಗಳನ್ನು ಕೂಡಿಸಿ ಓದುವುದಕ್ಕೆ ‘ಅಂತರಶಿಸ್ತೀಯ ಅಧ್ಯಯನ’ ಅನ್ನುತ್ತಾರೆ. ಪದ ಭಾರ. ಒಂದು ನಿಜವಾದ ಘಟನೆಯಿಂದ ಹೇಳಿದರೆ ಸುಲಭ.

ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿ. ಆಗ ಅದು ಕಿತ್ತಳೆ ತೋಟಗಳ ನಾಡು. 1940ರ ದಶಕದ ನಡುವೆ ಒಂದು ದಿನ ಅಲ್ಲಿನ ವೆಸ್ಟ್‌ಮಿನ್‌ಸ್ಟರ್ ಊರಿನ ಶಾಲೆಗೆ ಸೊಲೆದಾದ್ ವಿದೌರಿ ಅನ್ನುವ ಹೆಂಗಸು ಮಕ್ಕಳನ್ನು ಸೇರಿಸಲು ಹೋದರು. ಜೊತೆಗೆ ತನ್ನ ಮಕ್ಕಳಿದ್ದರು, ಸೋದರ ಗೊನ್ಸಾಲೊ ಮೆಂಡೆಸ್ ಅವರ ಮಕ್ಕಳೂ ಇದ್ದರು. ವಿದೌರಿ ಮಕ್ಕಳದು ತಿಳಿ ಬಣ್ಣ, ಕೇಳಲು ಫ್ರೆಂಚ್ ಥರದ ಹೆಸರು. ಅವರನ್ನು ಸೇರಿಸಿಕೊಳ್ಳಲು ಶಾಲೆ ಒಪ್ಪಿತು. ಮೆಂಡೆಸ್ ಮಕ್ಕಳದು ಕಪ್ಪು ಬಣ್ಣ, ಮೆಕ್ಸಿಕನ್ ಹೆಸರು. ಅವರು ‘ಮೆಕ್ಸಿಕನ್ ಶಾಲೆ’ಗೆ ಹೋಗಲಿ ಅಂದಿತು. ಸೊಲೆದಾದ್ ತನ್ನ ಮಕ್ಕಳನ್ನೂ ಸೇರಿಸಲಿಲ್ಲ. ಎಲ್ಲರನ್ನೂ ಕರೆದುಕೊಂಡು ಮನೆಗೆ ನಡೆದರು.

ಅವತ್ತು ಬಾಗಿಲಿಂದ ಹಿಂದಿರುಗಿದ ಮಕ್ಕಳಲ್ಲಿ ಸಿಲ್ವಿಯಾ ಒಬ್ಬಳು. ಅಪ್ಪ ಗೊನ್ಸಾಲೊ ಮೆಕ್ಸಿಕೋ ಮೂಲದವರು. ಅಮ್ಮ ಫೆಲಿಸಿತಾಸ್ ಪೋರ್ಟೊ ರೀಕೊ ದ್ವೀಪದವರು. 1945ರ ಮಾರ್ಚ್‌ನಲ್ಲಿ ಐದು ಕುಟುಂಬಗಳು ಸೇರಿ ನಾಲ್ಕು ಊರಿನ ಶಾಲಾ ಆಡಳಿತಗಳ ಮೇಲೆ ಕೇಸು ಹಾಕಿದವು. ಸುಮಾರು 5,000 ಮಕ್ಕಳ ಪರವಾಗಿ ನಡೆದ ಕೇಸು ಇದು. 1946ರ ಫೆಬ್ರವರಿಯಲ್ಲಿ ಅವರು ಗೆದ್ದರು. 1947ರಲ್ಲಿ ಮೇಲಿನ ಕೋರ್ಟೂ ಒಪ್ಪಿತು. ಅದೇ ವರ್ಷ ಕ್ಯಾಲಿಫೋರ್ನಿಯಾ ಮಕ್ಕಳನ್ನು ಬೇರ್ಪಡಿಸುವ ಕಾಯ್ದೆಯನ್ನು ತೆಗೆದುಹಾಕಿತು. ಸಹಿ ಹಾಕಿದ ಗವರ್ನರ್ ಅರ್ಲ್ ವಾರೆನ್. ಏಳು ವರ್ಷದ ನಂತರ, 1954ರಲ್ಲಿ, ಇಡೀ ದೇಶದ ಶಾಲೆಗಳಲ್ಲಿ ಕಪ್ಪು-ಬಿಳಿ ಭೇದ ಕಾನೂನುಬಾಹಿರ ಅಂದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯೂ ಇವರೇ.

ಈಗ ಒಂದೊಂದೇ ಪ್ರಶ್ನೆ ಕೇಳೋಣ. ಕಾಯ್ದೆ ಏನು ಹೇಳುತ್ತಿತ್ತು? ‘ಇಂಡಿಯನ್’, ಚೀನೀ, ಜಪಾನೀ, ಮಂಗೋಲಿಯನ್ ಮಕ್ಕಳಿಗೆ ಬೇರೆ ಶಾಲೆ ಮಾಡಬಹುದು ಅಂತಿತ್ತು. ಅದರಲ್ಲಿ ಮೆಕ್ಸಿಕನ್ ಅನ್ನುವ ಪದವೇ ಇರಲಿಲ್ಲ! ಮಕ್ಕಳನ್ನು ಬೇರ್ಪಡಿಸಿದ್ದು ರೂಢಿ. ಇದನ್ನು ಕಂಡುಹಿಡಿಯಲು ಕಾನೂನು ಓದಬೇಕು. ಪದ ಯಾಕೆ ಇರಲಿಲ್ಲ? ಅದಕ್ಕೆ ಉತ್ತರ 1848ರ ಒಪ್ಪಂದದಲ್ಲಿದೆ: ಕಾಗದದ ಮೇಲೆ ಅವರು ಬಿಳಿಯರು. ಅದು ಇತಿಹಾಸ.

ಶಾಲೆಗಳು ಕೊಟ್ಟ ನೆಪ ಭಾಷೆ. ಈ ಮಕ್ಕಳಿಗೆ ಇಂಗ್ಲಿಷ್ ಬರುವುದಿಲ್ಲ ಅಂದರು. ನಡೆಸಿದ ಭಾಷಾ ಪರೀಕ್ಷೆಗಳು ಅವಸರದವು, ನಂಬುವಂಥವಲ್ಲ ಅಂತ ಜಡ್ಜ್ ಬರೆದರು. ಮಕ್ಕಳು ಭಾಷೆ ಕಲಿಯುವುದು ಹೇಗೆ ಅನ್ನುವುದು ಭಾಷಾಶಾಸ್ತ್ರದ ವಿಷಯ. ಮಕ್ಕಳನ್ನು ದೂರ ಇಟ್ಟರೆ ಏನಾಗುತ್ತದೆ ಅಂತ ಆ ಕೋರ್ಟಿನಲ್ಲಿ ಸಾಕ್ಷಿ ಹೇಳಿದವರು ಮಾನವಶಾಸ್ತ್ರಜ್ಞ ರಾಲ್ಫ್ ಬೀಲ್ಸ್.

ಇನ್ನು ತೋಟಗಳು. ಕಿತ್ತಳೆ ಕೀಳಲು ಕಡಿಮೆ ಕೂಲಿಯ ಕೈಗಳು ಬೇಕಿದ್ದವು. ‘ಮೆಕ್ಸಿಕನ್ ಶಾಲೆ’ಗಳಲ್ಲಿ ಹುಡುಗಿಯರಿಗೆ ಹೊಲಿಗೆ, ಹುಡುಗರಿಗೆ ಮರಗೆಲಸ ಜಾಸ್ತಿ ಕಲಿಸುತ್ತಿದ್ದರು. ಅರ್ಥಶಾಸ್ತ್ರ ಬಿಟ್ಟು ಇದನ್ನು ವಿವರಿಸಲು ಆಗುವುದಿಲ್ಲ.

ಈ ಕಥೆಯಲ್ಲಿ ನನ್ನನ್ನು ತುಂಬ ಕಾಡಿದ್ದು ಇನ್ನೊಂದು ವಿಷಯ. ಕೇಸು ನಡೆಸಲು ಹಣ ಎಲ್ಲಿಂದ ಬಂತು? ಮೆಂಡೆಸ್ ಕುಟುಂಬ 40 ಎಕರೆ ಜಮೀನು ಗುತ್ತಿಗೆಗೆ ಮಾಡುತ್ತಿತ್ತು. ಅದು ಮುನೆಮಿತ್ಸು ಅನ್ನುವ ಜಪಾನೀ ಕುಟುಂಬದ ಜಮೀನು. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ಸುಮಾರು 1,20,000 ಜಪಾನೀ ಮೂಲದವರನ್ನು ಶಿಬಿರಗಳಲ್ಲಿ ಕೂಡಿಹಾಕಿತು. ಮುನೆಮಿತ್ಸು ಕುಟುಂಬವನ್ನು ಆರಿಝೋನಾದ ಪೋಸ್ಟನ್ ಶಿಬಿರಕ್ಕೆ ಕಳಿಸಿದರು. ಆ ಶಿಬಿರ ಕಟ್ಟಿದ್ದು ಯಾರ ನೆಲದಲ್ಲಿ? ಕೊಲರಾಡೊ ನದಿಯ ಮೂಲನಿವಾಸಿ ಬುಡಕಟ್ಟುಗಳ ಮೀಸಲು ನೆಲದಲ್ಲಿ. ಬುಡಕಟ್ಟಿನ ಮಂಡಳಿ ಬೇಡ ಅಂದರೂ ಕಟ್ಟಿದರು.

ಮೆಕ್ಸಿಕನ್ ಅಪ್ಪ, ಪೋರ್ಟೊ ರೀಕೊದ ಅಮ್ಮ, ಜಪಾನೀ ಜಮೀನು, ಮೂಲನಿವಾಸಿ ನೆಲ. ಒಂದು ಹುಡುಗಿಯ ಶಾಲೆಯ ಕಥೆಯೊಳಗೆ ಇಷ್ಟು ಎಳೆಗಳಿವೆ. ಬರೀ ಇತಿಹಾಸ ಓದಿದವರಿಗೂ ಬರೀ ಕಾನೂನು ಓದಿದವರಿಗೂ ಇದರ ಒಂದೊಂದು ತುದಿ ಮಾತ್ರ ಸಿಗುತ್ತದೆ. ಎಲ್ಲವನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡುವ ಕೆಲಸ ಈ ಅಧ್ಯಯನದ್ದು.

ವಿದ್ಯಾರ್ಥಿಗಳೇ ಹಟ ಹಿಡಿದು ತಂದ ವಿಷಯ

ಇದನ್ನು ಪ್ರೊಫೆಸರುಗಳು ಕೂತು ಯೋಚಿಸಿ ಶುರು ಮಾಡಲಿಲ್ಲ. 1968ರ ಮಾರ್ಚ್‌ನಲ್ಲಿ ಪೂರ್ವ ಲಾಸ್ ಏಂಜಲೀಸ್‌ನ ಹೈಸ್ಕೂಲುಗಳಿಂದ ಸಾವಿರಾರು ಮೆಕ್ಸಿಕನ್ ಅಮೆರಿಕನ್ ಮಕ್ಕಳು ತರಗತಿ ಬಿಟ್ಟು ಹೊರಬಂದರು. ನಮ್ಮ ಜನರ ಇತಿಹಾಸ ಪಾಠದಲ್ಲಿ ಯಾಕಿಲ್ಲ ಅನ್ನುವುದು ಅವರ ಪ್ರಶ್ನೆಗಳಲ್ಲಿ ಒಂದು. ಅದೇ ವರ್ಷ ನವೆಂಬರ್ 6ರಂದು ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನಲ್ಲಿ ಮುಷ್ಕರ ಶುರುವಾಯಿತು. ಕಪ್ಪು, ಲ್ಯಾಟಿನೋ, ಏಷ್ಯನ್, ಮೂಲನಿವಾಸಿ ವಿದ್ಯಾರ್ಥಿಗಳು ಒಟ್ಟಿಗೆ ನಿಂತರು. ಅದು 1969ರ ಮಾರ್ಚ್‌ವರೆಗೆ ನಡೆಯಿತು. ಅದರ ಫಲವಾಗಿ ಅಲ್ಲಿ ಎತ್ನಿಕ್ ಸ್ಟಡೀಸ್‌ಗೇ ಒಂದು ವಿಭಾಗ ತೆರೆಯಿತು. 1969ರ ಏಪ್ರಿಲ್‌ನಲ್ಲಿ ಸಾಂತಾ ಬಾರ್ಬರಾದಲ್ಲಿ ಚಿಕಾನೋ ವಿದ್ಯಾರ್ಥಿಗಳೂ ಅಧ್ಯಾಪಕರೂ ಸೇರಿ, ಕಾಲೇಜುಗಳಲ್ಲಿ ಈ ವಿಷಯವನ್ನು ಹೇಗೆ ಕಲಿಸಬೇಕು ಅಂತ ಒಂದು ಯೋಜನೆಯನ್ನೇ ಬರೆದರು.

ವಿರೋಧವೂ ಇದೆ. ಇಂಥ ಪಾಠ ಮಕ್ಕಳಲ್ಲಿ ಬೇರೆಯವರ ಮೇಲೆ ಸಿಟ್ಟು ಬೆಳೆಸುತ್ತದೆ ಅನ್ನುವುದು ವಿರೋಧಿಗಳ ಮಾತು. 2010ರಲ್ಲಿ ಆರಿಝೋನಾ ರಾಜ್ಯ ಇದೇ ಕಾರಣ ಕೊಟ್ಟು ಕಾನೂನು ಮಾಡಿತು. 2012ರಲ್ಲಿ ಟೂಸಾನ್ ನಗರದ ಶಾಲೆಗಳಲ್ಲಿ ಮೆಕ್ಸಿಕನ್ ಅಮೆರಿಕನ್ ಅಧ್ಯಯನ ನಿಂತುಹೋಯಿತು. 2017ರಲ್ಲಿ ಫೆಡರಲ್ ಜಡ್ಜ್ ಒಬ್ಬರು ಆ ನಿಷೇಧದ ಹಿಂದೆ ಜನಾಂಗೀಯ ದ್ವೇಷ ಇತ್ತು, ಅದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟರು.

ಭಾವನಿಗೆ ಅಂಕಿ-ಅಂಶ ಬೇಕು. ಅವರಿಗಾಗಿ ಒಂದು. ಸ್ಯಾನ್ ಫ್ರಾನ್ಸಿಸ್ಕೋದ ಕೆಲವು ಹೈಸ್ಕೂಲುಗಳಲ್ಲಿ ಕಡಿಮೆ ಅಂಕ ಬಂದ ಒಂಬತ್ತನೇ ತರಗತಿಯ ಮಕ್ಕಳನ್ನು ಎತ್ನಿಕ್ ಸ್ಟಡೀಸ್ ತರಗತಿಗೆ ಹಾಕಿದ್ದರು. ಸ್ಟ್ಯಾನ್‌ಫರ್ಡ್ ಸಂಶೋಧಕರು ಅವರ ಲೆಕ್ಕ ನೋಡಿ 2017ರಲ್ಲಿ ಪ್ರಕಟಿಸಿದರು. ಆ ಮಕ್ಕಳ ಹಾಜರಾತಿ 21 ಶೇಕಡಾ ಅಂಶ ಏರಿತ್ತು. ಬೇರೆ ವಿಷಯಗಳ ಅಂಕಗಳೂ ಏರಿದ್ದವು. ಇದು ಕೆಲವೇ ಶಾಲೆಗಳ ಲೆಕ್ಕ, ಎಲ್ಲ ಕಡೆಗೂ ಹೀಗೇ ಅಂತ ಹೇಳಲು ಬರುವುದಿಲ್ಲ.

ಸ್ಪ್ಯಾನಿಷ್ ಬಾರದ ಲ್ಯಾಟಿನೋ

ಲಾಸ್ ಏಂಜಲೀಸ್‌ನ ಪಕ್ಕ ಆಕ್ಸ್‌ನಾರ್ಡ್ ಅನ್ನುವ ಊರಿದೆ. ಸುತ್ತ ಸ್ಟ್ರಾಬೆರಿ ಹೊಲಗಳು. ಬೆನ್ನು ಬಗ್ಗಿಸಿ ಹಣ್ಣು ಬಿಡಿಸುವ ಕೂಲಿಗಳಲ್ಲಿ ಬಹಳ ಜನ ಮೆಕ್ಸಿಕೋದ ಓಹಾಕಾ, ಗೆರೆರೊ ಕಡೆಯ ಮಿಶ್ಟೆಕ್ ಜನ. ಅವರಲ್ಲಿ ಒಬ್ಬ ತಾಯಿ ಆಸ್ಪತ್ರೆಗೆ ಬಂದಳು ಅಂದುಕೊಳ್ಳಿ. ಮೆಕ್ಸಿಕೋದವಳು ಅಂತ ಸ್ಪ್ಯಾನಿಷ್ ದುಭಾಷಿಯನ್ನು ಕರೆಸುತ್ತಾರೆ. ಆಕೆಗೆ ಸ್ಪ್ಯಾನಿಷ್ ಸರಿಯಾಗಿ ಬರುವುದೇ ಇಲ್ಲ. ತುಳು ಮಾತ್ರ ಬಲ್ಲ ಅಜ್ಜಿಗೆ ಹಿಂದಿ ದುಭಾಷಿ ತಂದು ಕೂರಿಸಿದ ಹಾಗೆ. ಆಕೆ ಸುಮ್ನೆ ತಲೆ ಆಡಿಸುತ್ತಾಳೆ. ಅರ್ಥವಾಯಿತು ಅಂತ ಡಾಕ್ಟರು ಬರೆದುಕೊಳ್ಳುತ್ತಾರೆ.

ಮಿಶ್ಟೆಕ್ ಸ್ವರದ ಏರಿಳಿತದ ಭಾಷೆ. ಒಂದೇ ಉಚ್ಚಾರ, ದನಿ ಏರಿಸಿದರೆ ಒಂದರ್ಥ, ಇಳಿಸಿದರೆ ಇನ್ನೊಂದು. ಊರಿಂದ ಊರಿಗೂ ಬಹಳ ಬದಲಾಗುತ್ತದೆ. ಇಂಗ್ಲಿಷ್ ಮತ್ತು ಮಿಶ್ಟೆಕ್ ಎರಡೂ ಬಲ್ಲವರು ಸಿಗುವುದು ಕಷ್ಟ. ಹಾಗಾಗಿ ಎಷ್ಟೋ ಸಲ ಇಬ್ಬರು ದುಭಾಷಿಗಳು ಬೇಕಾಗುತ್ತದೆ. ಒಬ್ಬರು ಇಂಗ್ಲಿಷಿನಿಂದ ಸ್ಪ್ಯಾನಿಷ್‌ಗೆ, ಇನ್ನೊಬ್ಬರು ಸ್ಪ್ಯಾನಿಷಿನಿಂದ ಮಿಶ್ಟೆಕ್‌ಗೆ. ವಲಸೆ ಕೋರ್ಟುಗಳಲ್ಲಿ ಮಾಮ್, ಕಿಚೆಯಂಥ ಮಾಯಾ ಭಾಷೆಗಳಿಗೂ ಇದೇ ಕಥೆ. ಆಕ್ಸ್‌ನಾರ್ಡ್‌ನಲ್ಲಿ ಈ ಜನರದ್ದೇ ಒಂದು ಸಂಘಟನೆ ದುಭಾಷಿಗಳಿಗೆ ತರಬೇತಿ ಕೊಡುತ್ತದೆ, ತಮ್ಮ ಭಾಷೆಗಳಲ್ಲಿ ರೇಡಿಯೋ ನಡೆಸುತ್ತದೆ.

ಆಕೆ ಊರು ಬಿಟ್ಟು ಬಂದದ್ದು ಯಾಕೆ? ಒಂದು ದೊಡ್ಡ ಕಾರಣ ಮೆಕ್ಕೆಜೋಳ. ಮೆಕ್ಸಿಕೋದ ಜನ ಸುಮಾರು 9,000 ವರ್ಷಗಳ ಹಿಂದೆ ಒಂದು ಕಾಡುಹುಲ್ಲನ್ನು ಪಳಗಿಸಿ ಮೆಕ್ಕೆಜೋಳ ಮಾಡಿದರು. 1994ರ ಜನವರಿ 1ರಂದು ಅಮೆರಿಕ, ಕೆನಡಾ, ಮೆಕ್ಸಿಕೋ ನಡುವೆ ಮುಕ್ತ ವ್ಯಾಪಾರ ಒಪ್ಪಂದ ಜಾರಿಯಾಯಿತು. ಅಮೆರಿಕದ ಅಗ್ಗದ ಮೆಕ್ಕೆಜೋಳ ಮೆಕ್ಸಿಕೋ ಸಂತೆಗೆ ಬಂತು. ಎರಡು ಎಕರೆ ಬೆಳೆಯುವ ರೈತನಿಗೆ ಬೆಲೆ ಸಿಗದಾಯಿತು. ಮೊದಲೇ ಶುರುವಾಗಿದ್ದ ವಲಸೆ ಜಾಸ್ತಿಯಾಯಿತು. ಗ್ವಾಟೆಮಾಲದ ಮಾಯಾ ಜನರದ್ದು ಇನ್ನೂ ಕಹಿ ಕಾರಣ. 1960ರಿಂದ 1996ರವರೆಗೆ ಅಲ್ಲಿ ಅಂತರ್ಯುದ್ಧ ನಡೆಯಿತು. ಸುಮಾರು 2 ಲಕ್ಷ ಜನ ಸತ್ತರು ಅಥವಾ ಕಾಣೆಯಾದರು. ಗುರುತು ಸಿಕ್ಕ ಸಂತ್ರಸ್ತರಲ್ಲಿ ಶೇ. 83ರಷ್ಟು ಮಾಯಾ ಜನ ಅಂತ 1999ರಲ್ಲಿ ಸತ್ಯಶೋಧನಾ ಆಯೋಗ ಹೇಳಿತು.

ಇದನ್ನೆಲ್ಲ ತಿಳಿಯದಿದ್ದರೆ ಆಸ್ಪತ್ರೆಯ ಫಾರ್ಮಿನಲ್ಲಿ ಆಕೆಯ ಹೆಸರಿನ ಮುಂದೆ ‘ಹಿಸ್ಪಾನಿಕ್, ಭಾಷೆ: ಸ್ಪ್ಯಾನಿಷ್’ ಅಂತ ಟಿಕ್ ಬೀಳುತ್ತದೆ. ಆ ಫಾರ್ಮನ್ನು ಕಂಪ್ಯೂಟರಿನಲ್ಲಿ ಮಾಡುವವರು ಯಾರು? ನಮ್ಮ ಹುಡುಗಿಯಂಥ ಎಂಜಿನಿಯರುಗಳೇ. ಭಾವ ಕೇಳಿದ ‘ಯಾಕೆ’ಗೆ ಇದು ನೇರ ಉತ್ತರ.

ಮಿಶ್ಟೆಕ್ ಅನ್ನುವುದು ಕೂಡ ಬೇರೆಯವರು ಇಟ್ಟ ಹೆಸರು. ನಹುವಾ ಭಾಷೆಯಲ್ಲಿ ‘ಮೋಡದ ನಾಡಿನವರು’ ಅಂತ ಅದರ ಅರ್ಥ. ಅವರು ತಮ್ಮನ್ನು ಕರೆದುಕೊಳ್ಳುವುದು ಞು ಸಾವಿ ಅಂತ. ಮಳೆಯ ಜನ.

ಪುಸ್ತಕದಲ್ಲಿ ಸತ್ತವರು

ಫೆಲಿಸಿತಾಸ್ ಮೆಂಡೆಸ್ ಹುಟ್ಟಿದ ಪೋರ್ಟೊ ರೀಕೊ ದ್ವೀಪಕ್ಕೆ ಹೋಗೋಣ. ಕೊಲಂಬಸ್ ಬಂದಾಗ ಅಲ್ಲಿದ್ದವರು ತೈನೋ ಜನ. ರೋಗ, ದುಡಿತ, ಹಿಂಸೆಯಿಂದ ಕೆಲವೇ ದಶಕಗಳಲ್ಲಿ ಅವರ ಸಂಖ್ಯೆ ಕುಸಿಯಿತು. ತೈನೋಗಳು ಪೂರ್ತಿ ಅಳಿದುಹೋದರು ಅಂತ ಪುಸ್ತಕಗಳು ಬರೆದವು. ನಮ್ಮಲ್ಲಿ ತೈನೋ ರಕ್ತ ಇದೆ ಅಂತ ಹಳ್ಳಿಗಳ ಅಜ್ಜಿಯರು ಹೇಳುತ್ತಲೇ ಬಂದರು. ಅದನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ.

ಬಹಾಮಾಸ್‌ನ ಎಲ್ಯೂಥೆರಾ ದ್ವೀಪದ ಒಂದು ಗುಹೆಯಲ್ಲಿ ಒಬ್ಬ ಹೆಂಗಸಿನ ಹಲ್ಲು ಸಿಕ್ಕಿತ್ತು. ಸಾವಿರ ವರ್ಷಕ್ಕೂ ಹಳೆಯದು. ವಿಜ್ಞಾನಿಗಳು ಅದರ ಡಿಎನ್‌ಎ ಓದಿ 2018ರಲ್ಲಿ ಪ್ರಕಟಿಸಿದರು. ಇವತ್ತಿನ ಪೋರ್ಟೊ ರೀಕೊ ಜನರೊಂದಿಗೆ ಅದಕ್ಕೆ ನಂಟು ಇತ್ತು. ಅಜ್ಜಿಯರು ಹೇಳಿದ್ದು ಸರಿ.

ತೈನೋ ಜನರ ಪದಗಳೂ ಉಳಿದಿವೆ. ಗೆಣಸಿಗೆ ಅವರು ಬಟಾಟ ಅನ್ನುತ್ತಿದ್ದರು. ಸ್ಪ್ಯಾನಿಷರು ಆ ಪದ ಎತ್ತಿಕೊಂಡರು, ಪೋರ್ಚುಗೀಸರು ಅದನ್ನೇ ಆಲೂಗಡ್ಡೆಗೂ ಬಳಸಿದರು, ನಮ್ಮ ಪಶ್ಚಿಮ ಕರಾವಳಿಗೆ ತಂದರು. ಮೆಣಸಿನಕಾಯಿಯೂ ಆ ಕಡೆಯಿಂದಲೇ ಬಂದದ್ದು. ಅದಕ್ಕೆ ನಾವು ನಮ್ಮ ಹಳೆಯ ಮೆಣಸಿನ ಹೆಸರನ್ನೇ ಅಂಟಿಸಿದೆವು. ಕೊಲಂಬಸ್ಸನೂ ಅದನ್ನು ಮೆಣಸು ಅಂತಲೇ ಕರೆದಿದ್ದ. ಬಟಾಟೆಗೆ ಮಾತ್ರ ತೈನೋ ಜನರ ಪದ ಉಳಿಯಿತು. ಅಕ್ಕನ ಮಗಳಿಗೆ ಇದನ್ನು ಹೇಳಿದಾಗ ಒಂದು ಕ್ಷಣ ಸುಮ್ಮನಾದಳು. “ಮಾಮ, ಧಾರವಾಡದ ಅಜ್ಜಿ ‘ಬಟಾಟಿ ಪಲ್ಯ’ ಅಂತಿದ್ರಲ್ಲ” ಅಂದಳು.